ಸಾಲದ ಬೆನ್ನೇರಿ ಬಂದ ಸಾಹೇಬ

ಲಿಂಗಸುಗೂರಿನಿಂದ ಮಸ್ಕಿಯ ಮಾರ್ಗವಾಗಿ ಸಿಂಧನೂರಿಗೆ ಹೋಗುವ ಹಾದಿಯ ಇಕ್ಕೆಲಗಳಲ್ಲಿ ಕಾಣಬರುವುದು ವಿಶಾಲವಾದ ಎರೆಯ ಹೊಲಗಳು. ನಡುನಡುವೆ, ಯಾರೋ ತಂದು ಪೇರಿಸಿಟ್ಟರೋ ಎಂಬಂತೆ, ಬಂಡೆಗಲ್ಲಿನ ಗುಡ್ಡಗಳು. ಸಿಂಧನೂರು ಸಮೀಪಿಸಿದಂತೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಎದುರಾಗಿ ಭೂಮಿಯ ಬಣ್ಣವೇ ಬದಲಾಗುತ್ತದೆ. ಜೋಳದ ಸೀಮೆಯು ಬತ್ತದ ಸೀಮೆಯಾಗುತ್ತದೆ. ಹತ್ತಿ, ಜೋಳ, ಅಕ್ಕಿಗಳ ವ್ಯಾಪಾರದಿಂದ ಬದುಕುವ ಊರುಗಳಿವು. ದಲಾಲಿ ಅಂಗಡಿಯ ಗಾದಿಯ ಮೇಲೆ ಕುಳಿತವರಿಗೂ, ಎದುರಿಗೆ ಕೈಕಟ್ಟಿ ನಿಂತ ರೈತನಿಗೂ ಸಾಲವೆಂದರೇನು, ಬಡ್ಡಿಯೆಂದರೇನು, ಅಡವೆಂದರೇನು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಒಂದು ಕಾಲದಲ್ಲಿ ಈ ಸೀಮೆಗೆ ಸೀಮೆಯೇ, ಊರು, ಕೇರಿ, ಕೋಟೆ, ಕೆರೆಗಳ ಸಮೇತ, ಒಂದು ಸಾಲದ ಬಾಬತ್ತು ಪರರ ಕೈಗೆ ಹೋಗಿದ್ದಿತೆಂಬುದು ಇಲ್ಲಿ ಅನೇಕರಿಗೆ ನೆನಪಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ದೋಆಬನ್ನು ಹೈದರಾಬಾದಿನ ನಿಜಾಮನು 1853ರಲ್ಲಿ ಕುಂಪಣಿ ಸರಕಾರಕ್ಕೆ ಬಿಟ್ಟುಕೊಟ್ಟನು. ಏಳು ವರ್ಷಗಳ ತರುವಾಯ, 1860ರಲ್ಲಿ, ಅದು ಮರಳಿ ಅವನ ವಶಕ್ಕೆ ಬಂದಿತು. ಆ ಅವಧಿಯ ಕೊನೆಯ ದಿನಗಳಲ್ಲಿ ಲಿಂಗಸುಗೂರಿನಲ್ಲಿ ಕುಳಿತು ಅಧಿಕಾರ ನಡೆಸಿದವನು ಫಿಲಿಪ್ ಮೆಡೋಸ್ ಟೇಲರ್. ಅವನು ದಿವಾಳಿಯೆದ್ದ ವರ್ತಕನೊಬ್ಬನ ಮಗ. ದಿವಾಳಿಯೆದ್ದ ಸಾಹುಕಾರನೊಬ್ಬನ ಅಳಿಯ. ಅವನನ್ನು ಇಲ್ಲಿಗೆ ಕರೆತಂದುದು ಮೂರು ಮುಳುಗಿದ ಅಂಗಡಿಗಳು ಮತ್ತು ತೀರದ ಒಂದು ಸಾಲ.

ಡಬ್ಲಿನ್ನಿನ ಹುಡುಗ

ಟೇಲರನು ಹುಟ್ಟಿದುದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ. ತಂದೆಯ ಹೆಸರೂ ಫಿಲಿಪ್ ಮೆಡೋಸ್ ಟೇಲರ್ ಎಂದೇ. ಆತನು ಅಲ್ಲಿಯ ವರ್ತಕರಲ್ಲಿ ಒಬ್ಬನು. ತಾಯಿಯು ನಾರ್ತಂಬರ್ಲೆಂಡಿನ ಮಿಟ್‌ಫರ್ಡ್ ಎಂಬ ಹಳೆಯ ಮನೆತನದವಳು. ಐವರು ಗಂಡುಮಕ್ಕಳಲ್ಲಿ ಇವನೇ ಹಿರಿಯನು. ಮಕ್ಕಳು ಇನ್ನೂ ಚಿಕ್ಕವರಾಗಿರುವಾಗಲೇ ತಂದೆಯ ವ್ಯಾಪಾರ ಕೈಕೊಟ್ಟಿತು. ಇದ್ದುದೆಲ್ಲ ಹೋಗಿ, ಆತನು ಐರ್ಲೆಂಡಿನ ಡಬ್ಲಿನ್ ನಗರಕ್ಕೆ ತೆರಳಿ, ಮದ್ಯ ತಯಾರಿಸುವ ಕಾರಖಾನೆಯೊಂದರ ಮೇಲ್ವಿಚಾರಕನಾಗಿ ಸಂಸಾರ ಸಾಗಿಸಬೇಕಾಯಿತು.

ಐರ್ಲೆಂಡಿನ ರೇವುಗಳಿಂದ ಆ ದಿನಗಳಲ್ಲಿ ಹೊರಡುತ್ತಿದ್ದ ಹಡಗುಗಳಲ್ಲಿ ಬಹಳಷ್ಟು ಪಶ್ಚಿಮಕ್ಕೆ, ಅಮೆರಿಕೆಯತ್ತ ಹೋಗುತ್ತಿದ್ದವು. ಫಿಲಡೆಲ್ಫಿಯಾ, ನ್ಯೂಯಾರ್ಕುಗಳಲ್ಲಿ ಬರಿಗೈಯಲ್ಲಿ ಇಳಿದು, ಒಂದೆರಡು ತಲೆಮಾರಿನೊಳಗೆ ಕೋಠಿ ಕಟ್ಟಿ ಮೆರೆದ ಐರಿಷ್ ವರ್ತಕರ ಮನೆತನಗಳ ಚರಿತ್ರೆ ಅಲ್ಲಿ ಮನೆಮಾತು. ಟೇಲರ್ ಮನೆಯ ಹಿರಿಯ ಮಗನ ಹಡಗು ಮಾತ್ರ ಪೂರ್ವಕ್ಕೆ ತಿರುಗಿತು. ಹುಡುಗನು ಮೊದಲು ಲಿವರ್‌ಪೂಲಿನ ವರ್ತಕರ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ದುಡಿದು ಸೋತನು. ಅಷ್ಟರಲ್ಲಿ ಬೊಂಬಾಯಿಯ ಬ್ಯಾಕ್ಸ್‌ಟರ್ ಎಂಬ ವರ್ತಕನು, ಹುಡುಗನನ್ನು ತನ್ನ ಬಳಿಗೆ ಕಳುಹಿಸಿದರೆ ಇಪ್ಪತ್ತೊಂದನೆಯ ವಯಸ್ಸಿಗೆ ಪಾಲುದಾರನನ್ನಾಗಿ ಮಾಡಿಕೊಳ್ಳುವೆನೆಂದು ಮಾತು ಕೊಟ್ಟನು. ಮನೆಯಲ್ಲಿ ಹಣವಿಲ್ಲ, ಮುಂದೆ ಓದಿಸುವ ಶಕ್ತಿಯಿಲ್ಲ. ಮುಳುಗಿದ ಮನೆಯನ್ನು ಮಗನಾದರೂ ಎತ್ತಿಯಾನೆಂಬ ಆಸೆ ಹೆತ್ತವರಿಗೆ. ಇನ್ನೂ ಹದಿನಾರು ತುಂಬದ ಹುಡುಗನು 1824ರ ವಸಂತದಲ್ಲಿ ಹಡಗು ಹತ್ತಿ, ಆಫ್ರಿಕವನ್ನು ಬಳಸಿ, ಸೆಪ್ಟೆಂಬರಿನ ಮೊದಲಲ್ಲಿ ಬೊಂಬಾಯಿಗೆ ಬಂದಿಳಿದನು.

ಬಂದು ನೋಡಿದರೆ, ದೊಡ್ಡ ವ್ಯಾಪಾರದ ಮನೆಯೆಂದು ನಂಬಿದ್ದುದು ಬರಿಯ ಚಿಲ್ಲರೆ ಅಂಗಡಿ. ಅದೂ ಮುಳುಗುವ ಸ್ಥಿತಿಯಲ್ಲಿದ್ದಿತು. ಮಾತು ಕೊಟ್ಟ ವರ್ತಕನೇ ಸಾಲದಲ್ಲಿ ಕಂಠಮಟ್ಟ ಇಳಿದಿದ್ದನು. ತಂದೆಯ ದಿವಾಳಿಯಿಂದ ತಪ್ಪಿಸಿಕೊಂಡು ಸಾವಿರಾರು ಹರಿದಾರಿ ದೂರ ಬಂದವನ ಎದುರಿಗೆ ಇನ್ನೊಂದು ದಿವಾಳಿ ಬಾಯಿ ತೆರೆದು ನಿಂತಿದ್ದಿತು. ಆದರೆ ತಾಯಿಯ ಕಡೆಯ ನಂಟನಾದ ನ್ಯೂನ್ಹಾಮ್ ಎಂಬಾತನು ಬೊಂಬಾಯಿ ಸರಕಾರದಲ್ಲಿ ಮುಖ್ಯ ಕಾರ್ಯದರ್ಶಿಯಾಗಿದ್ದುದು ಹುಡುಗನ ಪುಣ್ಯ. ಬ್ಯಾಕ್ಸ್‌ಟರನ ಕರಾರಿನಿಂದ ಬಿಡಿಸಿ ನಿಜಾಮನ ಸೈನ್ಯದಲ್ಲಿ ಆತನು ಒಂದು ಹುದ್ದೆಯನ್ನು ದೊರಕಿಸಿಕೊಟ್ಟನು. ಹೀಗೆ ವರ್ತಕನಾಗಲು ಬಂದವನು ಅದೇ ವರ್ಷ ಔರಂಗಾಬಾದಿಗೆ ಹೋಗಿ ಸಿಪಾಯಿಗಳ ಅಧಿಕಾರಿಯಾದನು.

ಈ ಸೈನ್ಯವು ಕುಂಪಣಿಯದಲ್ಲವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಹೆಸರಿಗೆ ನಿಜಾಮನದು, ಅಧಿಕಾರಿಗಳು ಇಂಗ್ಲಿಷರು, ಖರ್ಚೆಲ್ಲ ನಿಜಾಮನ ಬೊಕ್ಕಸದ ಮೇಲೆ. ಮುಂದೆ ಹೈದರಾಬಾದ್ ಕಂಟಿಂಜೆಂಟ್ ಎಂದು ಹೆಸರಾದುದು ಇದೇ. ಲಿಂಗಸುಗೂರಿನಲ್ಲಿ ಬಹುಕಾಲ ಛಾವಣಿ ಹೂಡಿದ್ದ ಪಡೆಯೂ ಇದರದೇ. ನಿಜಾಮನ ಬೊಕ್ಕಸ ಬರಿದಾದಾಗ ಈ ಸೈನ್ಯಕ್ಕೆ ಸಂಬಳ ಬಟವಾಡೆ ಮಾಡಲು ಯಾರು ಸಾಲ ಕೊಡುತ್ತಿದ್ದರು? ಈ ಪ್ರಶ್ನೆಯ ಉತ್ತರದಲ್ಲಿಯೇ ಟೇಲರನ ಮಾವನ ಮನೆಯ ಚರಿತ್ರೆ ಅಡಗಿದೆ.

ಪಾಮರ್ ಕೋಠಿ

ವಿಲಿಯಂ ಪಾಮರನು ಜನಿಸಿದುದು 1780ರಲ್ಲಿ. ಇದೇ ಹೆಸರಿನ ತಂದೆ ಜನರಲ್ ಪಾಮರನು ವಾರನ್ ಹೇಸ್ಟಿಂಗ್ಸನ ಆಪ್ತನು. ಲಖನೌ, ಗ್ವಾಲಿಯರ್, ಪುಣೆಗಳ ದರಬಾರುಗಳಲ್ಲಿ ಕುಂಪಣಿಯ ಪ್ರತಿನಿಧಿಯಾಗಿದ್ದವನು. ಹಿಂದೂಸ್ಥಾನಕ್ಕೆ ಬರುವ ಮುನ್ನ ಆತನು ಅಮೆರಿಕೆಯ ಮಗ್ಗುಲಿನ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿದ್ದು ಅಲ್ಲಿಯೇ ಒಂದು ವಿವಾಹವನ್ನೂ ಮಾಡಿಕೊಂಡಿದ್ದನು. ಇಲ್ಲಿಗೆ ಬಂದ ಮೇಲೆ ಲಖನೌದ ಫೈಜ್ ಬಖ್ಷ್ ಎಂಬ ಕುಲೀನ ಮುಸ್ಲಿಂ ಮಹಿಳೆಯೊಡನೆ ಸಂಸಾರ ಹೂಡಿದನು. ಈ ಸಂಸಾರದ ದೊಡ್ಡ ವರ್ಣಚಿತ್ರವೊಂದು ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕೆಂಪು ಅಂಗಿಯ ಸಾಹೇಬ, ಒಡವೆ ತೊಟ್ಟು ನೆಲದ ಮೇಲೆ ಕುಳಿತ ಬೇಗಮ್, ಸುತ್ತ ಮಕ್ಕಳು ಮತ್ತು ದಾಸಿಯರು. ಆ ಮಕ್ಕಳಲ್ಲಿ ಐದಾರು ವರ್ಷದ ಬಾಲಕನಾಗಿ ನಿಂತವನೇ ನಮ್ಮ ವಿಲಿಯಂ.

ಹುಡುಗನು ವಿಲಾಯತಿಯಲ್ಲಿ ಓದಿ ಬಂದನು. ಆದರೆ ಅಷ್ಟರಲ್ಲಿ ಬಾಗಿಲು ಮುಚ್ಚಿದ್ದಿತು. ಹಿಂದೂಸ್ಥಾನದ ತಾಯಿಗೆ ಹುಟ್ಟಿದ ಮಕ್ಕಳಿಗೆ ಕುಂಪಣಿಯ ಅಧಿಕಾರಗಳನ್ನು ಕೊಡಕೂಡದೆಂದು 1791ರಲ್ಲಿಯೇ ನಿರ್ದೇಶಕರು ಕಟ್ಟಳೆ ಮಾಡಿದ್ದರು. ತಂದೆ ಏರಿದ ಮೆಟ್ಟಿಲನ್ನು ಮಗನು ಮುಟ್ಟುವಂತಿರಲಿಲ್ಲ. ಆದುದರಿಂದ ಅವನು ನಿಜಾಮನ ಸೈನ್ಯವನ್ನು ಸೇರಿ ಹಲವು ವರ್ಷ ಸೇವೆ ಮಾಡಿದನು. ಅನಂತರ ಅದನ್ನೂ ಬಿಟ್ಟು ಹೈದರಾಬಾದಿನಲ್ಲಿ ವಿಲಿಯಂ ಪಾಮರ್ ಮತ್ತು ಕುಂಪಣಿ ಎಂಬ ಕೋಠಿಯನ್ನು ತೆರೆದನು. ಗೋದಾವರಿ ತೀರದ ಅಡವಿಗಳ ತೇಗದ ಮರ, ವರಾಡದ ಹತ್ತಿ, ಇವು ಮೊದಲ ವ್ಯಾಪಾರ. ಬಂಕೇಟಿ ದಾಸನೆಂಬ ಗುಜರಾತಿ ಸಾಹುಕಾರನು ಪಾಲುದಾರರಲ್ಲಿ ಒಬ್ಬನು. ಕೆಲವು ಕಾಲದ ಮೇಲೆ, ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸನ ಸಾಕುಮಗಳಂತಿದ್ದ ಯುವತಿಯ ಕೈಹಿಡಿದ ಸರ್ ವಿಲಿಯಂ ರಂಬೋಲ್ಡನೂ ಬಂದು ಸೇರಿದನು.

ಮರ ಮಾರಿ ಸಂಪಾದಿಸುವುದಕ್ಕಿಂತ ದೊರೆಗೆ ಸಾಲ ಕೊಟ್ಟು ಸಂಪಾದಿಸುವುದು ಸುಲಭವೆಂದು ಕೋಠಿಗೆ ಬೇಗನೆ ತಿಳಿಯಿತು. ಗೋರಾ ಪ್ರಜೆಗಳು ದೇಶೀಯ ಅರಸರಿಗೆ ಹಣ ಕೊಡಕೂಡದೆಂದು ಕಾನೂನಿದ್ದಿತು. 1816ರಲ್ಲಿ ಗವರ್ನರ್ ಜನರಲನೇ ಪಾಮರನಿಗೆ ಪರವಾನಗಿಯಿತ್ತನು. ದಿವಾನಗಿರಿಯ ಸೂತ್ರವೆಲ್ಲ ಚಂದೂಲಾಲನ ಕೈಯಲ್ಲಿದ್ದ ಕಾಲವದು. ಸೈನ್ಯಕ್ಕೆ ಸಂಬಳ ಬೇಕಾದಾಗಲೆಲ್ಲ ಆತನು ಪಾಮರ್ ಕೋಠಿಗೆ ಹೇಳಿಕಳುಹಿಸುವನು. ಕೋಠಿಯು ಹಣವೆಣಿಸಿ ಕೊಟ್ಟು, ಬದಲಿಗೆ ಜಿಲ್ಲೆಗಳ ಕಂದಾಯವನ್ನು ಬರೆಸಿಕೊಳ್ಳುವುದು. ಬಡ್ಡಿಯ ದರ ನೂರಕ್ಕೆ ವರ್ಷಕ್ಕೆ 24, 25. ಊರಿನ ಸಾಹುಕಾರರ ದರವೂ ಅಂದು ಇದಕ್ಕಿಂತ ಕಡಮೆಯೇನಿರಲಿಲ್ಲವೆಂಬುದು ಪಾಮರನ ಸಮರ್ಥನೆ. ಮಾತು ಸುಳ್ಳಲ್ಲ. ಆದರೆ ಊರಿನ ಸಾಹುಕಾರನ ಬೆನ್ನಿಗೆ ಗವರ್ನರ್ ಜನರಲ್ ನಿಂತಿರುತ್ತಿರಲಿಲ್ಲ.

1820ರಲ್ಲಿ 60 ಲಕ್ಷ ರೂಪಾಯಿಗಳ ಒಂದು ದೊಡ್ಡ ಸಾಲವಾಯಿತು. ಅದೇ ವರ್ಷ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್‌ಕಾಫನು ಲೆಕ್ಕ ತೆಗೆಸಿ ನೋಡಿ ಬೆಚ್ಚಿಬಿದ್ದನು. ಬಹುಪಾಲು ಹಳೆಯ ಬಾಕಿಯನ್ನೇ ಹೊಸ ಪುಟಕ್ಕೆ ಬರೆದು, ಮೇಲೆ ಎಂಟು ಲಕ್ಷವನ್ನು ಪಾಲುದಾರರು ಇನಾಮಾಗಿ ಹಂಚಿಕೊಂಡರೆಂಬುದು ಅವನ ಆರೋಪ. ಹೋರಾಟ ಕಲಕತ್ತೆಗೂ ಲಂಡನ್ನಿಗೂ ಹಬ್ಬಿತು. ಆಂಧ್ರದ ಉತ್ತರ ಸರಕಾರು ಜಿಲ್ಲೆಗಳಿಗಾಗಿ ಕುಂಪಣಿಯು ನಿಜಾಮನಿಗೆ ವರ್ಷಂಪ್ರತಿ ಏಳು ಲಕ್ಷ ರೂಪಾಯಿ ಪೇಷ್ಕಷ್ ಸಲ್ಲಿಸುತ್ತಿದ್ದಿತಷ್ಟೆ. ಆ ಹಕ್ಕನ್ನು 1823ರಲ್ಲಿ 1,16,66,666 ರೂಪಾಯಿಗಳಿಗೆ ಶಾಶ್ವತವಾಗಿ ಬಿಡಿಸಿಕೊಂಡು, ಆ ಗಂಟಿನಿಂದ ಕೋಠಿಯ ಸಾಲವನ್ನು ತೀರಿಸಲಾಯಿತು. ಎಂದೆಂದಿಗೂ ಬರಬೇಕಾಗಿದ್ದ ವರಮಾನವು ಹೀಗೆ ಹತ್ತು ಹನ್ನೆರಡು ವರ್ಷಗಳ ಸಾಲಕ್ಕೆ ಸಮನಾಯಿತು. ಸರಕಾರದ ಬೆಂಬಲ ತಪ್ಪಿದೊಡನೆ ಠೇವಣಿದಾರರ ನಂಬಿಕೆಯೂ ತಪ್ಪಿತು. 1824ರಲ್ಲಿ ಪಾಮರ್ ಕೋಠಿ ಬಾಗಿಲು ಮುಚ್ಚಿತು. ಕಲಕತ್ತೆಯಲ್ಲಿ ವರ್ತಕರ ರಾಜನೆಂದು ಹೆಸರಾಗಿದ್ದ ಮಲಸಹೋದರ ಜಾನ್ ಪಾಮರನ ಕೋಠಿಯೂ 1830ರಲ್ಲಿ ಅದೇ ದಾರಿ ಹಿಡಿಯಿತು.

1824! ಹದಿನಾರರ ಟೇಲರನು ಬೊಂಬಾಯಿಯ ಅಂಗಡಿಯನ್ನು ಬಿಟ್ಟು ಔರಂಗಾಬಾದಿನ ಸೈನ್ಯಕ್ಕೆ ಸೇರಿದ ವರ್ಷವೂ ಅದೇ. ಆ ಸೈನ್ಯದ ಸಂಬಳಕ್ಕೆ ಹಣವೊದಗಿಸುತ್ತಿದ್ದ ಕೋಠಿ ಮುಚ್ಚಿದ ವರ್ಷವೂ ಅದೇ.

ಬೇಗಮಳ ವಸ್ತ್ರ

ಕೋಠಿ ಮುಚ್ಚಿದರೂ ಪಾಮರನು ಊರು ಬಿಡಲಿಲ್ಲ. ಸಂಪತ್ತು ಹೋಯಿತು, ಮನೆಯ ಘನತೆ ಮಾತ್ರ ಉಳಿಯಿತು. ಹೈದರಾಬಾದಿಗೆ ಬಂದ ಹೊಸದರಲ್ಲಿ ಟೇಲರನು ಆ ಮನೆಗೆ ಹೋಗಿ ಬರುವವರಲ್ಲಿ ಒಬ್ಬನಾದನು. ಒಮ್ಮೆ ಅವನನ್ನು ಪಾಮರನ ತಾಯಿಯಾದ ವೃದ್ಧ ಬೇಗಮಳ ಸನ್ನಿಧಿಗೆ ಕರೆದೊಯ್ದರು. ಆಕೆ ಆಶೀರ್ವದಿಸಿ, ಬೆಲೆಬಾಳುವ ವಸ್ತ್ರವೊಂದನ್ನು ಅವನ ತೋಳಿಗೆ ಕಟ್ಟಿದಳೆಂದು ಟೇಲರನು ಆತ್ಮಕಥೆಯಲ್ಲಿ ನೆನೆದಿದ್ದಾನೆ. ಮುಂದೆ 1830ರ ದಶಕದಲ್ಲಿ ಅವನು ಕೈಹಿಡಿದುದು ಆಕೆಯ ಮೊಮ್ಮಗಳನ್ನೇ, ಪಾಮರನ ಮಗಳು ಮೇರಿಯನ್ನು. ಎರಡು ಮುಳುಗಿದ ಮನೆಗಳು ಹೀಗೆ ಬೀಗರಾದವು. ಬೀಗರು ಪರಸ್ಪರ ಕೊಡುಕೊಳ್ಳುವ ಮಾತೆತ್ತುವ ಸ್ಥಿತಿಯಲ್ಲಿ ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ರಜೆಯ ಮೇಲೆ ವಿಲಾಯತಿಗೆ ಹೋದಾಗ 1839ರಲ್ಲಿ ಟೇಲರನು ಪ್ರಕಟಿಸಿದ ಠಕ್ಕನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಅವನನ್ನು ಒಮ್ಮೆಗೇ ಹೆಸರುವಾಸಿಯನ್ನಾಗಿ ಮಾಡಿತು. ಮರುವರ್ಷ ಟೀಪು ಸುಲ್ತಾನನ ಕುರಿತ ಕಾದಂಬರಿ ಹೊರಬಂದಿತು. ಕೀರ್ತಿ ಬಂದಿತೇ ಹೊರತು ಬದುಕಿಗೆ ಸಾಲುವಷ್ಟು ಹಣವಲ್ಲ. 1841ರಲ್ಲಿ ಮತ್ತೆ ನಿಜಾಮನ ಕೆಲಸಕ್ಕೇ ಬಂದನು. ಬಂದವನನ್ನು ಕಳುಹಿಸಿದುದು ಸುರಪುರಕ್ಕೆ.

ಅಲ್ಲಿಯೂ ಸಾಲವೇ. 1828ರಲ್ಲಿ ಪಟ್ಟಕ್ಕೆ ಬಂದ ರಾಜಾ ಕೃಷ್ಣಪ್ಪ ನಾಯಕನ ಮೇಲೆ ನಿಜಾಮನ ದರಬಾರು 15 ಲಕ್ಷ ರೂಪಾಯಿ ನಜರಾಣೆ ಹೊರಿಸಿದ್ದಿತು. ಅದನ್ನು ತೀರಿಸಲಾರದೆ ಬೇಡ ನಾಯಕರ ಆ ಹಳೆಯ ಸಂಸ್ಥಾನವು ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದ್ದಿತು. ರಾಜನು ತೀರಿಕೊಂಡು, ಮಗ ವೆಂಕಟಪ್ಪ ನಾಯಕನು ಎಳೆಯ ಬಾಲಕ. ರಾಣಿ ಈಶ್ವರಮ್ಮನಿಗೂ ದಾಯಾದಿಗಳಿಗೂ ಜಗಳ. ಟೇಲರನು 1853ರವರೆಗೆ ಅಲ್ಲಿದ್ದು ಆಡಳಿತ ನಡೆಸಿದನು. ಗುಡ್ಡದ ಮೇಲೆ ತಾನು ಕಟ್ಟಿಸಿಕೊಂಡ ಮನೆ ಟೇಲರ್ ಮಂಜಿಲ್ ಎಂದು ಇಂದಿಗೂ ಜನರ ಬಾಯಲ್ಲಿದೆ. ನಾಯಕ ಅರಸರು ಕಟ್ಟಿಸಿದ ಬೋನಾಳ ಕೆರೆಯನ್ನು ಸರಿಪಡಿಸಿದವನೂ ಅವನೇ. ಆ ಮನೆಯಲ್ಲಿ ಸುಖ ಮಾತ್ರ ಬಹುಕಾಲ ನಿಲ್ಲಲಿಲ್ಲ. ಮೇರಿ 1844ರಲ್ಲಿ ತೀರಿಕೊಂಡಳು. ಹೆಣ್ಣುಮಕ್ಕಳಾದ ಆಲಿಸ್ ಮತ್ತು ಏಮಿ ತಂದೆಯಿಂದ ದೂರದಲ್ಲಿ ಬೆಳೆದರು. ಬಿಟ್ಟುಬಂದ ವಿಲಾಯತಿಯನ್ನು ಅವನು ಮತ್ತೆ ಕಂಡುದು 1860ರಲ್ಲಿ. ತನ್ನ ಮಕ್ಕಳನ್ನು ಬೆಳೆಸಲಾರದವನ ಕಣ್ಣೆದುರಿಗೆ ಬೆಳೆದವನು ಸುರಪುರದ ಬಾಲರಾಜ. ಹುಡುಗನು ಅವನನ್ನು ಕರೆಯುತ್ತಿದ್ದುದು ಅಪ್ಪಾ ಎಂದು.

ಸೀಮೆ ಅಡವಾದುದು

1853ರ ಮೇ ತಿಂಗಳ ಹೊತ್ತಿಗೆ ಕಂಟಿಂಜೆಂಟ್ ಸೈನ್ಯದ ಸಂಬಳದ ಬಾಕಿಯ ಹೆಸರಿನಲ್ಲಿ ನಿಜಾಮನು ಕುಂಪಣಿಗೆ ಕೊಡಬೇಕಾದ ಸಾಲ 40 ಲಕ್ಷವನ್ನು ಮೀರಿದ್ದಿತು. ಹಿಂದೆ ಪಾಮರ್ ಕೋಠಿ ಕುಳಿತಿದ್ದ ಗಾದಿಯ ಮೇಲೆ ಈಗ ಕುಂಪಣಿಯೇ ಕುಳಿತಿದ್ದಿತು. ಡಾಲ್‌ಹೌಸಿಯ ಒತ್ತಾಯಕ್ಕೆ ಮಣಿದು ನಿಜಾಮ ನಾಸಿರುದ್ದೌಲನು ವರಾಡ, ನಳದುರ್ಗದ ಸೀಮೆ, ರಾಯಚೂರು ದೋಆಬುಗಳನ್ನು ಬಿಟ್ಟುಕೊಡುವ ಕರಾರಿಗೆ ಒಪ್ಪಿದನು. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ರೈತನು ಬೆಳೆದ ಜೋಳದ ಕಂದಾಯವು ಅಂದಿನಿಂದ ಆ ಸೈನ್ಯದ ಸಂಬಳಕ್ಕೆ ಸಲ್ಲತೊಡಗಿತು. ಆ ಸಾಲವನ್ನು ಅವನು ಕೇಳಿರಲಿಲ್ಲ, ಕಂಡಿರಲೂ ಇಲ್ಲ. ಸೈನ್ಯವನ್ನು ಮಾತ್ರ ಲಿಂಗಸುಗೂರಿನ ಛಾವಣಿಯಲ್ಲಿ ಕಂಡಿದ್ದನು.

ಅದೇ ವರ್ಷ ಪ್ರಾಪ್ತವಯಸ್ಕನಾದ ವೆಂಕಟಪ್ಪ ನಾಯಕನಿಗೆ ಸಂಸ್ಥಾನವನ್ನು ಒಪ್ಪಿಸಿ ಟೇಲರನು ನಳದುರ್ಗಕ್ಕೆ ಹೋದನು. ತಾನು ಸಾಲ ತೀರಿಸಿ ತುಂಬಿದ ಬೊಕ್ಕಸವನ್ನು ಒಪ್ಪಿಸಿದೆನೆಂದೂ, ತರುಣ ರಾಜನು ಕೆಲವೇ ವರ್ಷಗಳಲ್ಲಿ ಅದನ್ನು ಕರಗಿಸಿದನೆಂದೂ ಅವನು ಬರೆದಿದ್ದಾನೆ. ತನ್ನ ಆಡಳಿತವನ್ನು ತಾನೇ ಹೊಗಳಿಕೊಳ್ಳುವವನ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಪರರ ಕೈಯಲ್ಲಿ ಹತ್ತು ವರ್ಷವಿದ್ದ ಗದ್ದುಗೆಯನ್ನೇರಿದ ಹತ್ತೊಂಬತ್ತರ ತರುಣನಿಗೆ, ತಾನು ರಾಜನೋ ಅಥವಾ ಸಾಹೇಬನು ಬಿಟ್ಟುಹೋದ ಗುಮಾಸ್ತನೋ ಎಂಬ ಪ್ರಶ್ನೆ ಕಾಡದೆ ಇದ್ದೀತೆ?

1857ರ ಸಂಗ್ರಾಮದ ಕಿಡಿ ಸುರಪುರಕ್ಕೂ ತಗುಲಿತು. 1858ರ ಫೆಬ್ರವರಿ 7ರಂದು ಲಿಂಗಸುಗೂರಿನ ಛಾವಣಿಯಿಂದ ಹೊರಟ ಕ್ಯಾಪ್ಟನ್ ವಿಂಡ್‌ಹ್ಯಾಮನ ಪಡೆಯು ಸುರಪುರದ ಬಳಿ ಬಿಡಾರ ಮಾಡಿತು. ಅಂದು ರಾತ್ರಿ ಬೇಡ ನಾಯಕರ ಪಡೆ ಅದರ ಮೇಲೆರಗಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಇಂಗ್ಲಿಷರಿಗೆ ಇನ್ನೂ ಪಡೆಗಳು ಬಂದು ಕೂಡುತ್ತಿದ್ದಂತೆ ರಾಜನು ಕೋಟೆಯನ್ನು ಬಿಟ್ಟು ಹೈದರಾಬಾದಿಗೆ ಹೋದನು, ಅಲ್ಲಿ ಸೆರೆಸಿಕ್ಕನು.

ಸೆರೆಯಲ್ಲಿದ್ದ ರಾಜನನ್ನು ಕಾಣಲು ಟೇಲರನು ಹೋದನು. ಬಾಲ್ಯದ ಅಪ್ಪನು ಈಗ ಗೆದ್ದವರ ಪಕ್ಷದವನು. ಮಗನು ಮರಣದಂಡನೆಯನ್ನು ಎದುರು ನೋಡುತ್ತಿರುವ ಕೈದಿ. ಆ ಭೇಟಿಯನ್ನು ಬರೆಯುವಾಗ, ಬೇರೆಡೆ ತನ್ನ ಜಾಣ್ಮೆಯನ್ನು ಮೆರೆಸುವ ಟೇಲರನ ಲೇಖನಿ ತಗ್ಗಿದೆ. ಮರಣದಂಡನೆ ಕಡೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಆದರೆ ಸೆರೆಮನೆಗೆ ಕರೆದೊಯ್ಯುವ ದಾರಿಯಲ್ಲಿಯೇ ರಾಜನು ಗುಂಡೇಟಿನಿಂದ ಸತ್ತನು. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡನೆಂದು ಸರಕಾರದ ಹೇಳಿಕೆ. ಟೇಲರನು ಬರೆದುದೂ ಅದನ್ನೇ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮರಣವೆಂದು ಜಾತಕದಲ್ಲಿ ಬರೆದಿದ್ದಿತೆಂದೂ, ಅದನ್ನು ಬಹುಕಾಲದ ಹಿಂದೆಯೇ ತನಗೆ ಗುಟ್ಟಾಗಿ ತೋರಿಸಿದ್ದರೆಂದೂ ಅವನು ಕತೆ ಹೇಳುತ್ತಾನೆ. ಆ ಹೇಳಿಕೆಯನ್ನಾಗಲಿ ಜಾತಕವನ್ನಾಗಲಿ ಒಪ್ಪದವರು ಸುರಪುರದಲ್ಲಿ ಇಂದಿಗೂ ಉಂಟು.

ಯಜಮಾನನಿಲ್ಲದ ಆ ಸಂಸ್ಥಾನಕ್ಕೆ ಮತ್ತೆ ಟೇಲರನನ್ನೇ ಕಳುಹಿಸಿದರು. ಬಳಿಕ ದೋಆಬಿನ ಹೊಣೆಯೂ ಅವನ ಮೇಲೆ ಬಿದ್ದು, ಲಿಂಗಸುಗೂರು ಅವನ ಠಾಣೆಯಾಯಿತು. ಐವತ್ತು ವರ್ಷ ವಯಸ್ಸು; ಒಡೆದ ಆರೋಗ್ಯ. ಕುಂಪಣಿಯ ಖಾಯಂ ಸೇವಕನಲ್ಲವಾದುದರಿಂದ ಮುಂದಿನ ನಿವೃತ್ತಿ ವೇತನಕ್ಕೂ ಅಂಗಲಾಚಬೇಕಾದ ಸ್ಥಿತಿ. 1860ರಲ್ಲಿ ಅವನು ಲಿಂಗಸುಗೂರನ್ನು ಬಿಟ್ಟು ತೆರಳಿದನು. ಅದೇ ವರ್ಷ ದಂಗೆಯಲ್ಲಿ ತಮ್ಮ ಪಕ್ಷವನ್ನು ಬಿಡದಿದ್ದುದಕ್ಕಾಗಿ ಇಂಗ್ಲಿಷರು ನಿಜಾಮನಿಗೆ ದೋಆಬನ್ನು ಹಿಂದಿರುಗಿಸಿ, 50 ಲಕ್ಷ ರೂಪಾಯಿಗಳ ಸಾಲವನ್ನು ಮನ್ನಾ ಮಾಡಿ, ಮೇಲೊಂದು ಉಡುಗೊರೆಯನ್ನೂ ಇತ್ತರು. ಆ ಉಡುಗೊರೆ ಸುರಪುರ. ಯಾವ ಸಾಲಕ್ಕಾಗಿ ಇಷ್ಟೆಲ್ಲ ನಡೆಯಿತೋ ಅದು ಲೇಖನಿಯ ಒಂದು ಗೀಟಿನಿಂದ ಅಳಿಸಿಹೋಯಿತು. ಸಾಲಗಾರನೂ ಅಲ್ಲದ, ಸಾಹುಕಾರನೂ ಅಲ್ಲದ ಸಂಸ್ಥಾನವು ಲೆಕ್ಕದ ಚುಕ್ತಾದಲ್ಲಿ ಮಾಯವಾಯಿತು. ವರಾಡ ಮಾತ್ರ ಹಿಂದಿರುಗಲಿಲ್ಲ.

ಲಿಂಗಸುಗೂರು ಮುಂದೆ ನಿಜಾಮನ ಆಳ್ವಿಕೆಯಲ್ಲಿ ಒಂದು ಜಿಲ್ಲೆಯ ಕೇಂದ್ರವಾಗಿ ಮೆರೆಯಿತು. ಸಿಂಧನೂರು, ಕುಷ್ಟಗಿ, ಗಂಗಾವತಿ, ಶಹಾಪುರ, ಸುರಪುರಗಳು ಅದರ ತಾಲ್ಲೂಕುಗಳು. 1905ರಲ್ಲಿ ಆ ಜಿಲ್ಲೆಯನ್ನು ಒಡೆದು ಹಂಚಿದಾಗ ಲಿಂಗಸುಗೂರೂ ಸಿಂಧನೂರೂ ರಾಯಚೂರಿಗೆ ಸೇರಿದವು.

ಕಲ್ಲುಗಳ ನಂಟು

ಐರ್ಲೆಂಡಿನಲ್ಲಿ ಬೆಳೆದವನಿಗೆ ಈ ಸೀಮೆಯಲ್ಲಿ ಒಂದು ವಿಚಿತ್ರ ನಂಟು ಸಿಕ್ಕಿತು. ಸುರಪುರದ ಸುತ್ತಿನ ರಾಜನಕೋಳೂರು, ಹಣಮಸಾಗರ, ವಿಭೂತಿಹಳ್ಳಿಗಳಲ್ಲಿ ಯಾರೂ ಲೆಕ್ಕಿಸದೆ ಬಿದ್ದಿದ್ದ ಕಲ್ಲುಮನೆಗಳನ್ನೂ, ಸಾಲುಗಲ್ಲುಗಳನ್ನೂ, ಕಲ್ಲುವೃತ್ತಗಳನ್ನೂ ಅವನು ಅಳೆದನು, ಚಿತ್ರಿಸಿದನು, ಕೆಲವನ್ನು ಅಗೆಸಿದನು. ಹುಡುಗತನದಲ್ಲಿ ಕಂಡ ನಾಡಿನ ಕಲ್ಲುಗುಡ್ಡೆಗಳಂತೆಯೇ ಇವೆಯೆಂದು ಅವನಿಗೆ ಅನಿಸಿತು. ಎರಡೂ ಒಂದೇ ಜನಾಂಗದವರ ಕೆಲಸವೆಂದು ವಾದಿಸಿದನು. ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯು ಆ ಪ್ರಬಂಧವನ್ನು ಪ್ರಕಟಿಸಿತು. ಇಂದು ಆ ವಾದವನ್ನು ಯಾರೂ ಒಪ್ಪುವುದಿಲ್ಲ. ಇವು ದಕ್ಷಿಣದ ಕಬ್ಬಿಣಯುಗದ ಜನರ ಸಮಾಧಿಗಳೂ ಸ್ಮಾರಕಗಳೂ ಎಂಬುದು ಸ್ಥಿರವಾಗಿದೆ. ಆದರೆ ಅವನ ಅಳತೆಗಳನ್ನೂ ಚಿತ್ರಗಳನ್ನೂ ಬಿಟ್ಟು ಈ ಶಾಸ್ತ್ರದ ಚರಿತ್ರೆ ಬರೆಯುವಂತಿಲ್ಲ.

ಅವನ ಸೀಮೆಯೊಳಗಣ ಮಸ್ಕಿಯಲ್ಲಿ ಅಂತಹುದೇ ಸಮಾಧಿಗಳೂ, ಅವಕ್ಕಿಂತ ಪುರಾತನವಾದ ಜನವಸತಿಯ ಕುರುಹುಗಳೂ ನೆಲದಡಿಯಲ್ಲಿದ್ದುದು ಖಚಿತವಾದುದು 1954ರಲ್ಲಿ, ಬಿ. ಕೆ. ಥಾಪರರು ಉತ್ಖನನ ನಡೆಸಿದಾಗ. ಅದಕ್ಕೂ ಮೊದಲು 1915ರಲ್ಲಿ, ಚಿನ್ನದ ನಿಕ್ಷೇಪವನ್ನು ಅರಸುತ್ತ ಬಂದ ಬೀಡನ್ ಎಂಬ ಇಂಜಿನಿಯರನಿಗೆ ಮಸ್ಕಿಯ ಗುಡ್ಡದಲ್ಲಿ ಶಾಸನವೊಂದು ಸಿಕ್ಕಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಜಗತ್ತಿಗೆ ಸಿದ್ಧವಾದುದು ಅದರಿಂದ. ಲಾಭವನ್ನು ಹುಡುಕಿ ಈ ಸೀಮೆಗೆ ಬಂದವರಲ್ಲಿ, ಬಂದುದಕ್ಕಿಂತ ದೊಡ್ಡದನ್ನು ಕಂಡವನು ಬಹುಶಃ ಅವನೊಬ್ಬನೇ.

ಟೇಲರನು ಡಬ್ಲಿನ್ನಿಗೆ ಹಿಂದಿರುಗಿ, ಹೆರಾಲ್ಡ್ಸ್ ಕ್ರಾಸ್ ಎಂಬಲ್ಲಿ ಹೆಣ್ಣುಮಕ್ಕಳೊಡನೆ ನೆಲಸಿ, ಮತ್ತೆ ಬರೆಯತೊಡಗಿದನು. ತುಳಜಾಪುರದ ಹಿನ್ನೆಲೆಯ ತಾರಾ 1863ರಲ್ಲಿ ಬಂದಿತು, ಅನಂತರ ಇನ್ನೆರಡು. ಮಾವ ಪಾಮರನು 1867ರಲ್ಲಿ, ಎಂಬತ್ತೇಳರ ಹಣ್ಣುವಯಸ್ಸಿನಲ್ಲಿ, ತನ್ನ ಕೋಠಿ ಮುಚ್ಚಿದ ನಲವತ್ತಮೂರು ವರ್ಷಗಳ ಮೇಲೆ, ಹೈದರಾಬಾದಿನಲ್ಲಿಯೇ ಕಣ್ಣುಮುಚ್ಚಿದನು. ಟೇಲರನ ಕಣ್ಣುಗಳೂ ಮಬ್ಬಾಗುತ್ತಿದ್ದವು. 1875ರಲ್ಲಿ ಸಾಲಾರ್ ಜಂಗನ ಆಹ್ವಾನದ ಮೇಲೆ ಕಡೆಯ ಬಾರಿ ಹೈದರಾಬಾದಿಗೆ ಬಂದನು. ಜ್ವರ ಹಿಡಿದು ಹಿಂದಿರುಗುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂಟೋನ್ ಎಂಬ ಕಡಲತೀರದ ಊರಿನಲ್ಲಿ ತೀರಿಕೊಂಡನು. ತಂದೆಯ ಆತ್ಮಕಥೆಯನ್ನು ಸಂಪಾದಿಸಿ 1877ರಲ್ಲಿ ಹೊರತಂದವಳು ಆಲಿಸ್, ಫೈಜ್ ಬಖ್ಷ್ ಬೇಗಮಳ ಮರಿಮಗಳು.

ಚಾಂದಬೀಬಿಯ ಕಾಲದ ಕತೆಯನ್ನುಳ್ಳ ಅವನ ಕೊನೆಯ ಕಾದಂಬರಿಯು ಪುಸ್ತಕರೂಪದಲ್ಲಿ ಹೊರಬಂದುದು 1878ರಲ್ಲಿ. ಅದರ ಆರಂಭವಾಗುವುದು ಬಿಜಾಪುರದ ಅರಮನೆಯಲ್ಲಲ್ಲ, ಲಿಂಗಸುಗೂರಿನ ಉತ್ತರಕ್ಕೆ ಕೃಷ್ಣೆಯು ಬಂಡೆಗಳ ನಡುವೆ ಭೋರ್ಗರೆದು ಧುಮ್ಮಿಕ್ಕುವ ಜಲದುರ್ಗದ ಸೀಮೆಯಲ್ಲಿ, ಕಕ್ಕೇರಿಯ ಬೇಡ ನಾಯಕರ ನಡುವೆ. ಮುದುಗಲ್ಲಿನ ಕ್ರೈಸ್ತ ಪಾದ್ರಿಯೂ ಅವನ ತಂಗಿಯೂ ಅದರಲ್ಲಿ ಬರುತ್ತಾರೆ.